ಹೇಗಿದೆ ಎಂದು ಕೇಳಬಾರದು

ಜನವರಿ ೧೨, ಭಾನುವಾರ

ಇವತ್ತು ವಿಶ್ವವಿದ್ಯಾಲಯದವರು ನನ್ನನ್ನು ನೇಮಿಸಿಕೊಂಡರು. ಸಂಬಳವಿಲ್ಲ, ಕುರ್ಚಿಯಿಲ್ಲ, ಆದರೂ ನೇಮಕ ನೇಮಕವೇ. ಮಧ್ಯಾಹ್ನ ಮಗಳು ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅಪ್ಪ, ನನ್ನ ಹುಡುಗರಿಗೆ ಬಳಕೆದಾರರು ಬೇಕು. ನೀನೊಬ್ಬ ಆಗ್ತೀಯಾ?" ಎಂದಳು. ಏನು ಬಳಸಬೇಕು ಎಂದು ಕೇಳುವ ಮೊದಲೇ ಆಗಲಿ ಎಂದುಬಿಟ್ಟೆ.

ಅವಳು ಕಲಿಸುವ ವಿಷಯಕ್ಕೆ ಟೆಕ್ನಾಲಜಿ ಆಂಟ್ರಪ್ರನರ್‌ಶಿಪ್ ಎಂದು ಹೆಸರು. ಈ ಮಾತನ್ನು ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೇನೆ. ಬೆಳಗಿನ ನಡಿಗೆಯ ಜೊತೆಗಾರರಾದ ಹೆಡ್ಮಾಸ್ಟರಿಗೆ ಹೇಳಿದರೆ, "ಅಂದ್ರೆ ಅಂಗಡಿ ಇಡೋದು ತಾನೆ?" ಎಂದರು. ಅಲ್ಲ. ಪ್ರಯೋಗಾಲಯದಲ್ಲಿ ಮಾಡಿದ ವಸ್ತು ಜನರ ಮನೆಯೊಳಕ್ಕೆ ಹೇಗೆ ಹೋಗುತ್ತದೆ, ಯಾಕೆ ಹೋಗುವುದಿಲ್ಲ ಎಂಬುದು ಅವಳ ಪಾಠ. ಜನ ಬಾಯಲ್ಲಿ ಹೇಳುವುದಕ್ಕೂ ಕೈಯಲ್ಲಿ ಮಾಡುವುದಕ್ಕೂ ಎಷ್ಟು ಅಂತರ ಎಂಬುದು ಅವಳ ಸಂಶೋಧನೆ. ಹೊರದೇಶದ ಪತ್ರಿಕೆಗಳಲ್ಲೆಲ್ಲ ಬಂದಿದೆ. ನಾನು ಓದಿದೆ. ಮೊದಲ ಪ್ಯಾರಾ ಪೂರ್ತಿ ಅರ್ಥವಾಯಿತು.

ಹೊರಡುವಾಗ ಅವಳ ಮುಖ ಸಪ್ಪಗಿತ್ತು. ಕೇಳಿದ್ದಕ್ಕೆ, "ಮಾರ್ಚಿನಲ್ಲಿ ಆಡಳಿತ ಮಂಡಳಿ ಕೂತ್ಕೊಳ್ಳುತ್ತೆ ಅಪ್ಪ. ಇಷ್ಟು ವರ್ಷದಲ್ಲಿ ಎಷ್ಟು ಕಂಪನಿ ಹುಟ್ಟಿಸಿದಿರಿ ಅಂತ ಕೇಳ್ತಾರೆ. ಉತ್ತರ ಸರಿಹೋಗದಿದ್ರೆ ನನ್ನ ತರಗತಿ ಮುಚ್ತಾರೆ" ಎಂದಳು.

ನನ್ನ ಮಗಳ ತರಗತಿ ಮುಚ್ಚುವುದೇ? ಅವಳಮ್ಮ ಇದ್ದಿದ್ದರೆ ಆ ಮಂಡಳಿಯವರ ಮನೆಗೇ ಹೋಗಿ ಕೂತು ಮಾತಾಡಿಸಿಕೊಂಡು ಬರುತ್ತಿದ್ದಳು. ನನಗೆ ಅಷ್ಟು ಬಾಯಿಲ್ಲ. ನನ್ನ ಕೈಲಾದದ್ದು ಮಾಡುತ್ತೇನೆ.

ಜನವರಿ ೧೫, ಬುಧವಾರ

ಇಬ್ಬರು ವಿದ್ಯಾರ್ಥಿಗಳು ಬಂದರು. ತಂಡದ ಮುಂದಾಳು ಒಬ್ಬ ಹುಡುಗಿ, ಕನ್ನಡಕದವಳು, ಮಾತು ಪಟಪಟ. ಜೊತೆಗೆ ಬಾಗಿಲಿಗೆ ತಲೆ ತಗಲಿಸಿಕೊಂಡೇ ಒಳಗೆ ಬಂದ ಉದ್ದಣ್ಣ. ಅವರು ಮಾಡಿರುವುದು ಗ್ಯಾಸ್ ಒಲೆಗೆ ಹಾಕುವ ಒಂದು ನಾಬ್. ಅದರಿಂದ ಹೊರಟ ಸಣ್ಣ ತಂತಿಯ ತುದಿ ಪಾತ್ರೆಯ ಅಡಿಗೆ ತಾಗಿಕೊಂಡಿರುತ್ತದೆ. ಪಾತ್ರೆ ಬರಿದಾಗಿ ತಳ ಹತ್ತುವಷ್ಟು ಕಾದರೆ ನಾಬ್ ತಾನಾಗಿ ತಿರುಗಿ ಒಲೆ ಆರಿಸುತ್ತದೆ. ಮರೆಯುವವರಿಗೆ, ವಯಸ್ಸಾದವರಿಗೆ.

"ನಿಮಗೆ ಮರೆವು ಇದೆಯಾ ಅಜ್ಜ?" ಎಂದಳು ಹುಡುಗಿ.

"ಇದ್ದರೂ ನೆನಪಿರಬೇಕಲ್ಲಮ್ಮ" ಎಂದೆ. ನಕ್ಕರು. ಈ ಮನೆಯಲ್ಲಿ ಮೂರು ಜನ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಒಲೆಗೆ ಕೂಡಿಸಿ, ತೋರಿಸಿ, ಹೋದರು. ನಾನು ಅದನ್ನು ಮೆಲ್ಲಗೆ ಬಿಚ್ಚಿ, ಹಳೆಯ ನಾಬನ್ನೇ ಮತ್ತೆ ಸಿಕ್ಕಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ನಡುಮನೆಯ ಗಾಜಿನ ಕಪಾಟಿನಲ್ಲಿ ಮಗಳ ಪದಕಗಳ ಪಕ್ಕ ಇಟ್ಟೆ. ಹೊಸ ವಸ್ತು. ಎಣ್ಣೆ ಸಿಡಿದರೆ, ಕೊಳೆಯಾದರೆ, ಕೆಟ್ಟರೆ? ನನ್ನ ಒಲೆ ಹೇಗೂ ಹೊತ್ತುವುದಿಲ್ಲ. ನನ್ನವಳು ತೀರಿಕೊಂಡ ಮೇಲೆ ಊಟ ಮೆಸ್ಸಿನ ಕ್ಯಾರಿಯರಿನಿಂದ, ಚಹಾ ವಿದ್ಯುತ್ ಕೆಟಲಿನಿಂದ. ಅದನ್ನು ಆ ಹುಡುಗಿಗೆ ಹೇಳಿ ಯಾಕೆ ಬೇಜಾರು ಮಾಡಿಸುವುದು?

ಬಂದವರಿಗೆಲ್ಲ ಕಾಣುವ ಹಾಗೆ ಮುಂದಿನ ಸಾಲಿನಲ್ಲೇ ಇಟ್ಟಿದ್ದೇನೆ.

ಜನವರಿ ೨೩, ಗುರುವಾರ

ನನ್ನ ನಡಿಗೆಯ ಗುಂಪಿನ ಅಷ್ಟೂ ಮನೆಗಳಿಗೆ ನಾಬ್ ಕೊಡಿಸಿದೆ. ನನ್ನದೂ ಸೇರಿ ಹನ್ನೆರಡು. ಹೆಡ್ಮಾಸ್ಟರಿಗೂ ದರ್ಜಿಗೂ ಮಿಕ್ಕವರಿಗೂ ಕಿವಿಯಲ್ಲಿ ಹೇಳಿದೆ: "ಕೇಳಲಿಕ್ಕೆ ಬಂದಾಗ ಚೆನ್ನಾಗಿದೆ ಅನ್ನಿ. ನನ್ನ ಮಗಳ ವಿಷಯ."

ದರ್ಜಿ, "ಚೆನ್ನಾಗಿಲ್ದೆ ಇದ್ರೆ?" ಎಂದ.

"ಆಗಲೂ ಚೆನ್ನಾಗಿದೆ ಅನ್ನಿ."

"ನನ್ನ ಹತ್ರ ಹೊಲಿಸ್ಕೊಂಡ ಅಂಗಿಗೆ ನೀವು ಯಾವತ್ತಾದ್ರೂ ಹಾಗೆ ಅಂದಿದೀರಾ?" ಎಂದು ಗೊಣಗಿದ. ಆದರೂ ಒಪ್ಪಿದ.

ಫೆಬ್ರವರಿ ೧, ಶನಿವಾರ

ಹುಡುಗಿ ಬಂದಳು. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿ ನಾಬನ್ನು ಕಪಾಟಿನಿಂದ ತೆಗೆದು ಒಲೆಗೆ ಸಿಕ್ಕಿಸಿದೆ. ಕುಳಿತಳು, ನೀರು ಕುಡಿದಳು, "ಮೇಡಂ ಇದನ್ನ ಕೇಳಬಾರದು ಅಂತಾರೆ. ಆದರೂ ತಡೆಯೋಕಾಗ್ತಿಲ್ಲ ಅಜ್ಜ. ಹೇಗಿದೆ?" ಎಂದಳು.

ಎಂಥ ಸುಲಭದ ಪ್ರಶ್ನೆ. ಇದನ್ನು ಕೇಳಬಾರದೆಂದು ನನ್ನ ಮಗಳು ಯಾಕೆ ಹೇಳಿದಳೋ. "ಎಕ್ಸಲೆಂಟ್" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು, ಪ್ರಮಾಣಪತ್ರ ಬರೆಯುವುದು ಕೈಗೆ ಹತ್ತಿದ ಕೆಲಸ. ಬಿಳಿ ಹಾಳೆ ತೆಗೆದು, ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್ ಎಂದು ಶುರುಮಾಡಿ, ಈ ನಾಬ್ ನನಗೆ ಪರ್ಸನಲಿ ಪರಿಚಿತ, ಅದರ ಕ್ಯಾರೆಕ್ಟರ್ ಆ್ಯಂಡ್ ಕಾಂಡಕ್ಟ್ ಗುಡ್, ಐ ವಿಶ್ ಇಟ್ ಆಲ್ ಸಕ್ಸಸ್ ಇನ್ ಲೈಫ್ ಎಂದು ಮುಗಿಸಿ ಸಹಿ ಹಾಕಿದೆ. ಓದುತ್ತ ಅವಳ ಭುಜ ಅಲುಗುತ್ತಿತ್ತು. ಭಾವುಕಳಾದಳೆಂದು ಕಾಣುತ್ತದೆ.

ಕಾಲೇಜಿನ ಇಂಗ್ಲಿಷು ಇನ್ನೂ ಪೂರ್ತಿ ಹೋಗಿಲ್ಲ.

ಫೆಬ್ರವರಿ ೫, ಬುಧವಾರ

ಸಂಜೆ ಹುಡುಗಿ ಮತ್ತೆ ಬಂದಳು, ಒಬ್ಬಳೇ. ದೊಡ್ಡ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆಯಂತೆ. ಜುಲೈಯಲ್ಲಿ ಸೇರಬೇಕು, ಬರುತ್ತೇನೋ ಇಲ್ಲವೋ ಎಂದು ಮಂಗಳವಾರದೊಳಗೆ ತಿಳಿಸಬೇಕು.

"ಇಲ್ಲ ಅಂತ ಬರೀತೀನಿ ಅಜ್ಜ. ನಾಬಿನ ಕಂಪನಿ ಶುರು ಮಾಡ್ತೀವಿ. ಹನ್ನೆರಡು ಮನೆಯಲ್ಲಿ ಹನ್ನೆರಡೂ ಚೆನ್ನಾಗಿದೆ ಅಂದಿದಾವೆ. ನಮ್ಮನೇಲಿ ಎಲ್ಲರೂ ಬೇಡ ಅಂತಾರೆ. ಧೈರ್ಯ ಕೊಟ್ಟಿದ್ದು ನೀವೇ."

ಕಂಗ್ರಾಚುಲೇಶನ್ಸ್ ಎಂದೆ. ಕ್ಯಾರಿಯರಿನ ಅನ್ನ ಸೇರಲಿಲ್ಲ.

ಫೆಬ್ರವರಿ ೯, ಭಾನುವಾರ

ಬರೆಯುವುದು ಬೇಡವೆಂದುಕೊಂಡಿದ್ದೆ. ಬರೆಯದಿದ್ದರೂ ನಡೆದದ್ದು ನಡೆದಿದೆ.

ಮಗಳು ಯಾವತ್ತಿನಂತೆ ಹನ್ನೊಂದರ ಸುಮಾರಿಗೆ ಬಂದಳು. ಒಳಗೆ ಬಂದವಳೇ ಗಾಜಿನ ಕಪಾಟಿನ ಮುಂದೆ ನಿಂತಳು. ಅವಳು ಬರುವುದು ಗೊತ್ತಿದ್ದರೂ ನಾಬನ್ನು ಅಲ್ಲಿಂದ ತೆಗೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವಳಿಗಾಗಿಯೇ ತಾನೆ ಇಟ್ಟದ್ದು?

"ಅಪ್ಪ, ಇದನ್ನ ಏನು ಮಾಡಿದೆ?"

"ಜೋಪಾನವಾಗಿ ಇಟ್ಟಿದೀನಿ ನೋಡು. ಒಂದು ಗೀರೂ ಬಿದ್ದಿಲ್ಲ."

ಮೊದಲು ಅವಳಿಗೆ ನಗು ಬಂತು. ಸೋಫಾದ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೂ ನಗು ಬಂತು. ಆಮೇಲೆ ಅವಳು ನಿಲ್ಲಿಸಿದಳು, ನಾನು ನಿಲ್ಲಿಸಿದ್ದು ತಡವಾಯಿತು.

"ಮಿಕ್ಕವರು?"

ಹೇಳಿದೆ.

"ಹನ್ನೊಂದು ಜನಕ್ಕೂ ನೀನೇ ಹೇಳಿಕೊಟ್ಟೆಯಾ?"

"ನಿನ್ನ ತರಗತಿ ಉಳೀಲಿ ಅಂತ ಪುಟ್ಟಿ."

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದಳು: ಹೇಗಿದೆ ಎಂದು ಕೇಳಿದರೆ ಒಳ್ಳೆಯ ಜನ ಒಳ್ಳೆಯ ಮಾತನ್ನೇ ಆಡುತ್ತಾರೆ. ಪ್ರೀತಿ ಇದ್ದವರಂತೂ ಇನ್ನೂ ಒಂದು ಹಿಡಿ ಹೆಚ್ಚೇ ಸುರಿಯುತ್ತಾರೆ. ಆ ಮಾತು ನಂಬಿಕೊಂಡು ಹುಡುಗರು ಎರಡು ಮೂರು ವರ್ಷ ಕಳೆದುಕೊಳ್ಳುತ್ತಾರೆ. ಅದಕ್ಕೇ ಏನು ಮಾಡಿದಿರಿ ಎಂದು ಮಾತ್ರ ಕೇಳಬೇಕು. "ಅವಳು ನಿಯಮ ಮುರಿದಳು. ನೀನು ಸುಳ್ಳು ಹೇಳಿದೆ. ಇಬ್ಬರೂ ಒಳ್ಳೆಯವರೇ" ಎಂದಳು.

"ನೀನೇ ಅವಳಿಗೆ ಹೇಳಿಬಿಡು" ಎಂದೆ.

"ನಾನು ಹೇಳಿದ್ರೆ ಅದು ಮೇಷ್ಟ್ರ ಪಾಠ. ಬಳಸಿದವನು ನೀನು. ಅಲ್ಲ, ಬಳಸದೇ ಇದ್ದವನು ನೀನು. ನಾಡಿದ್ದು ಅವಳು ಕೆಲಸ ಬೇಡ ಅಂತ ಬರೀತಾಳೆ. ನಾಳೆ ಹೇಳು ಅಪ್ಪ."

ಹೊರಡುವಾಗ ಕಪಾಟಿನ ಗಾಜಿಗೆ ಅಂಟಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು. ಎಷ್ಟು ಗಂಭೀರವಾಗಿ ಮಾತಾಡುತ್ತಾಳೆ. ಎದುರು ಕುಳಿತು ಪಾಠ ಹೇಳಿಸಿಕೊಳ್ಳುತ್ತಿದ್ದರೂ ಒಳಗೊಳಗೆ ಅನ್ನಿಸುತ್ತಿತ್ತು, ಇವಳ ತರಗತಿಯಲ್ಲಿ ಕೂರುವವರು ಪುಣ್ಯವಂತರು ಎಂದು.

ಫೆಬ್ರವರಿ ೧೦, ಸೋಮವಾರ

ಹೇಳಿದೆ.

ಹುಡುಗಿಯನ್ನು ಅಡುಗೆಮನೆಯಲ್ಲೇ ಕೂರಿಸಿ ಹೇಳಿದೆ. ಕಪಾಟು, ಕ್ಯಾರಿಯರು, ಹೆಡ್ಮಾಸ್ಟರು, ದರ್ಜಿ, ಎಲ್ಲ. ಐ ಬೆಗ್ ಟು ಸ್ಟೇಟ್ ಎಂದು ಶುರುಮಾಡಿದವನು ಮುಂದೆ ಇಂಗ್ಲಿಷು ಸಿಗದೆ ಕನ್ನಡದಲ್ಲೇ ಮುಗಿಸಿದೆ.

ಅವಳು ಕನ್ನಡಕ ತೆಗೆದು ಒರೆಸಿದಳು. ಮತ್ತೆ ಒರೆಸಿದಳು. "ಒಬ್ಬರೂ ಬಳಸಿಲ್ವಾ ಅಜ್ಜ?"

"ಹೆಡ್ಮಾಸ್ಟರ ಹೆಂಡತಿ ಒಂದು ಸಲ ಹಾಕಿದ್ದಾರಂತೆ. ಹಾಲು ಉಕ್ಕುವ ಮೊದಲೇ ಆರಿತಂತೆ. ತೆಗೆದಿಟ್ಟಿದ್ದಾರೆ."

"ಅದನ್ನ ಯಾಕೆ ಹೇಳಲಿಲ್ಲ ಅವರು?"

"ನಾನು ಬೇಡ ಅಂದಿದ್ದೆ."

ಎದ್ದು ಹೋಗುತ್ತಾಳೆ ಎಂದುಕೊಂಡೆ. ಕಿಟಕಿಯ ಹತ್ತಿರ ನಿಂತು, ನನ್ನ ಕಡೆ ಬೆನ್ನು ಹಾಕಿಕೊಂಡೇ ಹೇಳಿದಳು: "ನಮ್ಮಪ್ಪ ಬೇಡ ಅಂದಾಗ ನಾನು ನಿಮ್ಮ ಹೆಸರು ಹೇಳಿ ಜಗಳ ಆಡಿದೆ."

ಆಮೇಲೆ ನಡುಮನೆಗೆ ಹೋಗಿ, ಗಾಜಿನ ಕಪಾಟಿನಿಂದ ನಾಬ್ ತಂದು, ಒಲೆಗೆ ಸಿಕ್ಕಿಸಿ, ಮಣೆಯ ಮೇಲೆ ಕುಳಿತಳು. "ಏನಾದರೂ ಬೇಯಿಸಿ."

"ನನಗೆ ಬರಲ್ಲಮ್ಮ."

"ನನಗೂ ಬರಲ್ಲ. ನೀರು ಕಾಯಿಸಿ."

ಕಾಯಿಸಿದೆ. ಬಳಿಕ ಈರುಳ್ಳಿ ಹೆಚ್ಚಿ ಎಣ್ಣೆಗೆ ಹಾಕಿದೆ. ಕೆಂಪಗಾಗುವ ಹೊತ್ತಿಗೆ ನಾಬ್ ಟಕ್ ಎಂದು ತಿರುಗಿ ಒಲೆ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಈರುಳ್ಳಿ ಹಸಿಯೂ ಅಲ್ಲ, ಹುರಿದದ್ದೂ ಅಲ್ಲ. ಇಬ್ಬರೂ ತಿಂದೆವು. ಕಂಪನಿಗೆ ಇಲ್ಲ ಎಂದು ಬರೆಯುವುದಿಲ್ಲವಂತೆ, ಮಾರ್ಚ್ ಕೊನೆಯವರೆಗೆ ಸಮಯ ಕೊಡಿ ಎಂದು ಕೇಳುತ್ತಾಳಂತೆ.

ಫೆಬ್ರವರಿ ೧೩, ಗುರುವಾರ

ಸಮಯ ಕೊಟ್ಟರು. ಹಾಳು ನಾಬು ಇವತ್ತು ಐದು ಸಲ ಆರಿತು.

ಫೆಬ್ರವರಿ ೨೪, ಸೋಮವಾರ

ಕಳೆದ ವಾರವೇ ಕ್ಯಾರಿಯರು ನಿಲ್ಲಿಸಿದೆ. ಬೇಕಂತ ಅಲ್ಲ, ದಿನಾ ಒಲೆ ಹಚ್ಚಿದರೆ ಮಾಡಿದ್ದನ್ನು ತಿನ್ನಲೇಬೇಕು, ಎರಡೂ ಹೊಟ್ಟೆಗೆ ಹಿಡಿಸುವುದಿಲ್ಲ. ಹೆಡ್ಮಾಸ್ಟರ ಹೆಂಡತಿಯಿಂದ ಹುಳಿ ಉಪ್ಪಿನ ಅಳತೆ ಕೇಳಿಕೊಂಡೆ. ಅವರು ಫೋನಿನಲ್ಲಿ, "ನಿಮ್ಮ ಮಗಳ ನಾಬಿಗಿಂತ ನಮ್ಮ ಅತ್ತೆ ಮೇಲು. ಅವರು ಆರಿಸೋ ಮೊದಲು ಒಂದು ಮಾತು ಕೇಳ್ತಿದ್ದರು" ಎಂದರು. ಇದನ್ನು ಹುಡುಗಿಗೆ ಹಾಗೇ ತಲುಪಿಸಿದೆ. ಅವಳು ಉದ್ದಣ್ಣನನ್ನು ನೋಡಿದಳು, ಉದ್ದಣ್ಣ ಸೂರು ನೋಡಿದ. ಮಾರನೆಯ ದಿನ ನಾಬ್ ಆರಿಸುವ ಮೊದಲು ಮೂರು ಸಲ ಕೂಗುವಂತೆ ಮಾಡಿಕೊಂಡು ಬಂದರು. ಹುರಿಯುವವನು ಒಮ್ಮೆ ಮುಟ್ಟಿದರೆ ಸಾಕು, ಸುಮ್ಮನಾಗುತ್ತದೆ.

ಕೂಗು ನನಗೆ ಕೇಳಿಸುವುದಿಲ್ಲ ಎಂದೆ. ದಪ್ಪ ದನಿ ಹಾಕಿದರು. ಮುಟ್ಟುವ ಜಾಗ ಸಣ್ಣದು, ಒದ್ದೆ ಕೈಗೆ ಸಿಗುವುದಿಲ್ಲ ಎಂದೆ. ಅಗಲ ಮಾಡಿದರು. ತಂತಿ ಉಜ್ಜಲು ಬಾರದು ಎಂದೆ. ಉದ್ದಣ್ಣ ಗೋಡೆಗೆ ಒರಗಿ, "ಅಜ್ಜ, ನೀವು ಎಕ್ಸಲೆಂಟ್ ಅಂತಿದ್ದ ಕಾಲವೇ ಚೆನ್ನಾಗಿತ್ತು" ಎಂದ. ಹುಡುಗಿ ಅವನ ತಲೆಗೆ ಮೊಟಕಿದಳು. ಅದಕ್ಕೂ ಏಣಿ ಬೇಕು.

ದರ್ಜಿ, ಹೆಡ್ಮಾಸ್ಟರು, ಮಿಕ್ಕವರು ಎಲ್ಲರ ಮನೆಗೂ ನಾನೇ ಅವಳ ಜೊತೆ ಹೋಗಿ ಹಿಂದಿನ ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದೆ. ದರ್ಜಿ ಗಂಟೆಗಟ್ಟಲೆ ದೂರು ಹೇಳಿದ. ಇಷ್ಟು ದಿನ ಎಲ್ಲಿ ಅದುಮಿಟ್ಟುಕೊಂಡಿದ್ದನೋ.

ಮಾರ್ಚ್ ೧೪, ಶುಕ್ರವಾರ

ಮಂಡಳಿ ಕುಳಿತ ದಿನ. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದೊಡ್ಡ ಕೋಣೆ. ಗೋಡೆಯ ಮೇಲೆ ನನ್ನ ಮಗಳ ಹೆಸರು, ಕೆಳಗೆ ಆ ಕಷ್ಟದ ಪದ. ಪಕ್ಕದಲ್ಲಿ ಕುಳಿತವರಿಗೆ, ಆ ಪ್ರೊಫೆಸರು ನನ್ನ ಮಗಳು ಎಂದೆ. ಅವರು ಎದ್ದು ಬೇರೆ ಕಡೆ ಹೋದ ಮೇಲೆ ಬಂದವರಿಗೂ ಹೇಳಿದೆ.

ಮಂಡಳಿಯ ಅಧ್ಯಕ್ಷರು, ಬೆಳ್ಳಿ ಕೂದಲಿನವರು, ಮೊದಲ ಪ್ರಶ್ನೆಯೇ ಎಷ್ಟು ಕಂಪನಿ ಎಂದು ಕೇಳಿದರು. ಮಗಳು ಎದ್ದು ನಿಂತಳು. "ಈ ವರ್ಷ ಒಂದೂ ಇಲ್ಲ. ಒಂದು ಶುರುವಾಗುವುದರಲ್ಲಿತ್ತು, ನಿಲ್ಲಿಸಿದೆವು. ಅದನ್ನೇ ಈಗ ತೋರಿಸ್ತೀನಿ" ಎಂದಳು.

ಹುಡುಗಿ ಮುಂದೆ ಬಂದು ಎಲ್ಲ ಹೇಳಿದಳು. ಹೇಗಿದೆ ಎಂದು ತಾನು ಕೇಳಿದ್ದು, ಹನ್ನೆರಡು ಹೊಗಳಿಕೆ, ನನ್ನ ಪ್ರಮಾಣಪತ್ರ ಗೋಡೆಯ ಮೇಲೆ ಆನೆಯಷ್ಟು ದೊಡ್ಡದಾಗಿ. ಇಡೀ ಕೋಣೆ ನಕ್ಕಿತು. ಕೆಳಗೆ ನನ್ನ ಸಹಿ ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು. ನಂತರ ಹಸಿ ಈರುಳ್ಳಿ, ದರ್ಜಿಯ ದೂರು, ಅತ್ತೆಯ ಮಾತು, ಒಂದೊಂದಕ್ಕೂ ಮಾಡಿದ ಬದಲಾವಣೆ. ಆಮೇಲೆ ಮಗಳು, ಹೊಗಳಿದವರು ಎಷ್ಟು ಜನ ಬಳಸಿದರು, ದೂರಿದವರು ಎಷ್ಟು ಜನ ಬಳಸಿದರು ಎಂದು ತನ್ನ ಇಷ್ಟು ವರ್ಷದ ತಂಡಗಳ ಲೆಕ್ಕವನ್ನೆಲ್ಲ ಸೇರಿಸಿ ಒಂದೇ ಚಿತ್ರದಲ್ಲಿ ತೋರಿಸಿದಳು. ದೂರುವವರ ಗೆರೆ ಮೇಲೆ ಮೇಲೆ ಹೋಯಿತು. ನನಗೂ ಅರ್ಥವಾಯಿತು. ಅವಳ ಕೆಲಸ ಮೊದಲ ಪ್ಯಾರಾ ದಾಟಿ ಅರ್ಥವಾದದ್ದು ಇದೇ ಮೊದಲು.

ಅಧ್ಯಕ್ಷರು ಕೇಳಿದರು: "ಹಾಗಾದರೆ ಈಗ ವಸ್ತು ಸಿದ್ಧವಾಗಿದೆಯೋ?"

ಹುಡುಗಿ ಹಿಂದಿನ ಸಾಲಿನ ಕಡೆ ಕೈ ತೋರಿಸಿದಳು. "ದಿನಾ ಬಳಸೋರು ಅಲ್ಲಿದ್ದಾರೆ."

ಎಲ್ಲ ತಲೆಗಳೂ ತಿರುಗಿದವು. ಮಗಳ ತಲೆಯೂ. ಎದ್ದು ನಿಂತೆ. ಇಂಥ ಕೋಣೆಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕೆಂದು ಕಾಲೇಜು ದಿನಗಳಿಂದ ಆಸೆ. ಲೇಡೀಸ್ ಆ್ಯಂಡ್ ಜೆಂಟಲ್‌ಮೆನ್ ನಾಲಿಗೆಯ ತುದಿಗೆ ಬಂದಿತ್ತು. ಹೌದು, ಸಿದ್ಧವಾಗಿದೆ ಎಂದರೆ ತರಗತಿ ಉಳಿಯಬಹುದು ಎಂಬುದೂ ತಲೆಯಲ್ಲಿತ್ತು.

"ಇಲ್ಲ ಸ್ವಾಮಿ" ಎಂದೆ. "ನಿನ್ನೆಯೂ ಸಾರು ಅರ್ಧಕ್ಕೆ ನಿಂತಿತು. ದೊಡ್ಡ ಪಾತ್ರೆ ಇಟ್ಟರೆ ತಂತಿ ಓರೆಯಾಗುತ್ತೆ. ಇನ್ನೂ ಆಗಿಲ್ಲ."

ಉದ್ದಣ್ಣ ಮುಖ ಮುಚ್ಚಿಕೊಂಡ. ಅಧ್ಯಕ್ಷರು ಕನ್ನಡಕ ಕೆಳಗಿಳಿಸಿ ನನ್ನನ್ನೂ ಮಗಳನ್ನೂ ನೋಡಿ, "ಇವರನ್ನ ಎಲ್ಲಿಂದ ಹಿಡಿದು ತಂದಿರಿ?" ಎಂದರು.

"ನಮ್ಮಪ್ಪ" ಎಂದಳು ಮಗಳು. ಮೈಕಿನಲ್ಲೇ ಹೇಳಿದಳು.

ತರಗತಿ ಉಳಿಯಿತು. ಸಂಜೆಯೇ ತಿಳಿಸಿದರು. ಕಂಪನಿ ಎಷ್ಟು ಎಂಬ ಪ್ರಶ್ನೆಯ ಜೊತೆ ಎಷ್ಟನ್ನು ಸರಿಯಾದ ಹೊತ್ತಿಗೆ ನಿಲ್ಲಿಸಿದಿರಿ ಎಂದೂ ಇನ್ನು ಮೇಲೆ ಕೇಳುತ್ತಾರಂತೆ. ಅದು ಅವಳ ಸಂಶೋಧನೆಯಿಂದ ಬಂದ ಪ್ರಶ್ನೆ. ಇದನ್ನು ನಾಳೆ ನಡಿಗೆಯಲ್ಲಿ ನಿಧಾನವಾಗಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಬೇಕು.

ಆದರೆ ಹುಡುಗಿಯ ಗತಿ ಏನು? ಮಾರ್ಚ್ ಅರ್ಧ ಕಳೆಯಿತು. ನನ್ನ ಬಾಯಿಂದ ಹೊರಟ ಇಲ್ಲ ಎಂಬ ಮಾತಿನಿಂದ ಅವಳು ಆ ಕೆಲಸಕ್ಕೇ ಹೋಗಬಹುದು. ಹೋಗಲಿ. ಸುಳ್ಳು ನಂಬಿ ನಿಲ್ಲುವುದಕ್ಕಿಂತ ಅದೇ ವಾಸಿ.

ಮಾರ್ಚ್ ೩೦, ಭಾನುವಾರ

ಇವತ್ತು ಆ ಹುಡುಗಿಯ ಜೊತೆ ಸ್ವಲ್ಪ ಒರಟಾಗಿ ನಡೆದುಕೊಂಡೆ. ಬರೆದಿಡುತ್ತೇನೆ.

ಮಗಳು ಊಟಕ್ಕೆ ಬರುವವಳಿದ್ದಳು, ಹೆಡ್ಮಾಸ್ಟರ ದಂಪತಿಗೂ ಹೇಳಿದ್ದೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯುತ್ತಿತ್ತು, ತಂತಿ ಓರೆಯಾಗದಂತೆ ಹುಡುಗರು ಕಳೆದ ವಾರ ಸರಿಮಾಡಿ ಹೋಗಿದ್ದರು. ನಾನು ನಡುಮನೆಯಲ್ಲಿ ತಟ್ಟೆ ಒರೆಸುತ್ತ ಇದ್ದೆ. ಹುಡುಗಿಯೂ ಉದ್ದಣ್ಣನೂ ಚೀಲ ಹಿಡಿದು ಬಂದರು. ಪರೀಕ್ಷೆಯ ಅವಧಿ ಮುಗಿಯಿತಂತೆ, ಹನ್ನೆರಡು ಮನೆಯಿಂದಲೂ ನಾಬ್ ವಾಪಸ್ ತೆಗೆದುಕೊಂಡು ಹೋಗುವುದು ಪದ್ಧತಿಯಂತೆ. ಮುಖ ಬಾಡಿತ್ತು. ಕಂಪನಿಗೆ ಉತ್ತರ ನಾಳೆ ಕೊಡಬೇಕು, ಬರುತ್ತೇನೆ ಎಂದೇ ಬರೆಯುವುದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರಂತೆ. ನನ್ನನ್ನು ಏನೂ ಕೇಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ನಾಬಿಗೆ ಕೈ ಹಾಕಿದಳು.

"ಏಯ್, ಬಿಡು ಅದನ್ನ" ಎಂದೆ. ಇಷ್ಟು ಜೋರಾಗಿ ಈ ಮನೆಯಲ್ಲಿ ಯಾವಾಗ ಮಾತಾಡಿದ್ದೆನೋ. "ಕಾಳು ಬೇಯ್ತಾ ಇದೆ, ಕಾಣಲ್ವಾ?"

"ಅಜ್ಜ, ಇದನ್ನ ತಗೊಂಡು ಹೋಗ್ಬೇಕು."

"ತಗೊಂಡು ಹೋದ್ರೆ ನಾನು ಹೇಗೆ ಅಡುಗೆ ಮಾಡ್ಲಿ? ಮೂರು ಜನ ಊಟಕ್ಕೆ ಬರ್ತಾರೆ. ನನಗೆ ನಡುಮನೇಲೂ ಕೆಲಸ ಇರುತ್ತೆ, ಇಲ್ಲೇ ನಿಂತು ಕಾಯ್ತಾ ಇರೋಕಾಗುತ್ತಾ?"

"ಹಳೇ ನಾಬ್ ಹಾಕ್ಕೊಳ್ಳಿ."

"ಅದನ್ನ ಎಲ್ಲಿಟ್ಟೆನೋ ಯಾರಿಗೆ ಗೊತ್ತು. ಸುಮ್ನೆ ಈ ಕಡೆ ಬಾ. ಹೊತ್ತು ಗೊತ್ತು ನೋಡ್ಕೊಂಡು ಬರಬೇಕು."

ಅವಳು ಕೈ ತೆಗೆದಳು. ನನ್ನ ಮುಖ ನೋಡಿದಳು, ಒಲೆ ನೋಡಿದಳು, ಅಲ್ಲೇ ಕಟ್ಟೆಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟಳು. ಬೈದದ್ದು ಹೆಚ್ಚಾಯಿತೆಂದು ನನಗೆ ಹೆದರಿಕೆಯಾಯಿತು. ಉದ್ದಣ್ಣ, "ಹೆಡ್ಮಾಸ್ಟ್ರ ಮನೇಲೂ ಕೊಡಲ್ಲ ಅಂದ್ರು, ದರ್ಜಿ ಬಾಗಿಲೇ ತೆಗೀಲಿಲ್ಲ" ಎಂದು ಮೆಲ್ಲಗೆ ಹೇಳಿದ. ಅವಳು ಫೋನು ತೆಗೆದು ನನ್ನ ಮಗಳಿಗೆ ಮಾಡಿದಳು. "ಮೇಡಂ, ಅಜ್ಜ ಕೊಡ್ತಾ ಇಲ್ಲ" ಎಂದಳು. ಅಷ್ಟೇ. ಆ ಕಡೆಯಿಂದ ಏನು ಬಂತೋ, ಇವಳು ಅಳುತ್ತ ನಗುತ್ತ, "ಹೌದು ಮೇಡಂ, ಬಯ್ದೇ ಬಿಟ್ಟರು. ನಾಳೆ ಆ ಕಂಪನಿಗೆ ಬರಲ್ಲ ಅಂತ ಬರೀತೀನಿ" ಎಂದಳು.

ಹುಡುಗಿ ದೂರು ಹೇಳಿದ್ದಕ್ಕೆ ಮಗಳು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಬಂದವಳು ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡು ನಿಂತಳು. ಅವಳ ಕಣ್ಣು ಆಗ ಥೇಟ್ ಅವಳಮ್ಮನ ಕಣ್ಣು.

ಹುಡುಗರನ್ನೂ ಊಟಕ್ಕೆ ನಿಲ್ಲಿಸಿಕೊಂಡೆ. ಕಾಳು ಹದವಾಗಿ ಬೆಂದಿತ್ತು. ಉಪ್ಪು ಒಂದು ಚೂರು ಕಡಿಮೆ ಎಂದರು ಹೆಡ್ಮಾಸ್ಟರು. ಹೌದು, ಕಡಿಮೆಯೇ ಇತ್ತು.